ಫ್ಲಾಸ್ಕಿಗೆ ಒರಗಿದ ವಿಮಾನ

ಜಯನಗರ ನಾಲ್ಕನೇ ಬ್ಲಾಕಿನ ಫೋಟೋ ಸ್ಟುಡಿಯೋದಲ್ಲಿ ಒಮ್ಮೆ ನನಗೆ ಬೇರೆಯವರ ಲಕೋಟೆ ಕೊಟ್ಟುಬಿಟ್ಟರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲವದು. ರೀಲು ತೊಳೆಸಿ, ಪ್ರಿಂಟು ಹಾಕಿಸಿ, ಲಕೋಟೆಯನ್ನು ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು ಬಿಚ್ಚಿ ನೋಡುವುದು ನನ್ನ ಅಭ್ಯಾಸ. ಮೊದಲ ಚಿತ್ರದಲ್ಲಿ ವಿಮಾನವೊಂದು ಚಕ್ರ ಇಳಿಬಿಟ್ಟುಕೊಂಡು ಬರುತ್ತಿತ್ತು; ಅದರ ಕಿಟಕಿಗಳು ಪೋಣಿಸಿದ ಮಣಿಗಳಂತೆ ಒಂದೊಂದೂ ಬೇರೆಬೇರೆಯಾಗಿ ಕಾಣುತ್ತಿದ್ದವು. ಎರಡನೆಯದು ಅದಕ್ಕಿಂತ ಚೆನ್ನಾಗಿತ್ತು. ಕೊನೆಗೂ ನನ್ನ ಕೈ ಪಳಗಿತು ಎಂದು ನಾನು ನನ್ನನ್ನೇ ಅಭಿನಂದಿಸಿಕೊಳ್ಳುತ್ತಿದ್ದಾಗ ಮುಂದಿನ ಚಿತ್ರ ಬಂತು. ಅದರಲ್ಲಿ ವಿಮಾನವಿರಲಿಲ್ಲ. ನನಗೆ ಪರಿಚಯವೇ ಇಲ್ಲದ ಒಂದು ಗೃಹಪ್ರವೇಶದಲ್ಲಿ, ಕೊರಳಿಗೆ ಹೂವಿನ ಹಾರ ಹಾಕಿಸಿಕೊಂಡ ಹಸುವೊಂದು ನನ್ನನ್ನೇ ನೋಡುತ್ತಿತ್ತು.

ಒಳಗೆ ಹೋದರೆ, ಕೌಂಟರಿನ ಬಳಿ ಕನ್ನಡಕದ ಮಹಿಳೆಯೊಬ್ಬರು ನನ್ನ ಚಿತ್ರಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದರು. ಪರೀಕ್ಷೆಯ ಉತ್ತರಪತ್ರಿಕೆ ನೋಡುವವರ ಗಾಂಭೀರ್ಯ ಅವರ ಮುಖದಲ್ಲಿತ್ತು.

"ಸಾರ್, ಇವು ನಿಮ್ಮವಾ?"

"ಹೌದು ಮೇಡಂ."

"ಹಾಗಾದ್ರೆ ನನ್ನವು ನಿಮ್ಮತ್ರ ಇವೆ. ಹಸು ಬಂತಾ?"

"ಬಂತು. ಬಹಳ ಸ್ಪಷ್ಟವಾಗಿ ಬಂದಿದೆ."

ಅವರು ನಗಲಿಲ್ಲ. ನನ್ನ ಚಿತ್ರವೊಂದನ್ನು ಗಾಜಿನ ಮೇಲೆ ಇಟ್ಟು ಬೆರಳಿನಿಂದ ತೋರಿಸಿದರು. "ನಿಮ್ಮ ಕೈ ನಡುಗಲ್ಲ. ಅದು ಒಳ್ಳೇದು. ಆದ್ರೆ ಕ್ಲಿಕ್ ಮಾಡೋ ಹೊತ್ತಿಗೆ ಸರಿಯಾಗಿ ನೀವು ನಿಂತ್ಬಿಡ್ತೀರಿ. ಪ್ಲೇನ್ ನಿಲ್ಲಲ್ಲ ಅಲ್ವಾ?"

ನಾನು ಉತ್ತರ ಕೊಟ್ಟೆ. ಲೆನ್ಸಿನ ಗುಣಮಟ್ಟ, ರೀಲಿನ ಮಿತಿ, ಆ ದಿನದ ಮಂಜು, ಇವೆಲ್ಲವನ್ನೂ ಕ್ರಮವಾಗಿ ಮಂಡಿಸಿದೆ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳ ವೇದಿಕೆಯ ಮೇಲೆ ಬೆಳೆದವನು ನಾನು. ಎದುರಾಳಿಯ ಮಾತು ಮುಗಿಯುವ ಮೊದಲೇ ಖಂಡನೆಯ ಮೊದಲ ವಾಕ್ಯ ನಾಲಗೆಯ ತುದಿಗೆ ಬಂದಿರುತ್ತಿತ್ತು. ಅವರು ಪೂರ್ತಿ ಕೇಳಿಸಿಕೊಂಡು, ತಮ್ಮ ಹಸುವನ್ನು ವಾಪಸು ಪಡೆದು, "ಭಾನುವಾರ ಬೆಳಿಗ್ಗೆ ಬೈರಸಂದ್ರಕ್ಕೆ ಬನ್ನಿ. ಇಷ್ಟೆಲ್ಲ ಮಾತಾಡೋರಿಗೆ ಅಲ್ಲೊಂದು ಒಳ್ಳೇ ಶಿಕ್ಷೆ ಇದೆ" ಎಂದು ವಿಳಾಸ ಹೇಳಿ ಹೋದರು. ಅವರು ಬನಶಂಕರಿಯವರು, ಭೌತಶಾಸ್ತ್ರದ ಅಧ್ಯಾಪಕಿಯಾಗಿ ನಿವೃತ್ತರಾದವರು ಎಂಬುದು ಆಮೇಲೆ ಗೊತ್ತಾಯಿತು. ಬೈರಸಂದ್ರದಲ್ಲಿ ಸೇರುತ್ತಿದ್ದ, ವಿಮಾನದ ಚಿತ್ರ ತೆಗೆಯುವ ನಮ್ಮ ಬಳಗಕ್ಕೆ ಅವರು ಕೊನೆಯವರೆಗೂ ಬರೀ 'ಮೇಡಂ'.

ನಾನಾಗ ಕತ್ರಿಗುಪ್ಪೆಯಲ್ಲಿ ಬಾಡಿಗೆಗಿದ್ದೆ. ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದೆ. ಉಳಿದ ಹೊತ್ತಿನಲ್ಲಿ ಬಡಾವಣೆಯ ಪಾದಚಾರಿ ದಾರಿ, ಬೀದಿದೀಪ, ಕಸದ ವಿಲೇವಾರಿಗಳ ಬಗ್ಗೆ ನಾಗರಿಕರನ್ನು ಒಂದುಗೂಡಿಸುವ ಕೆಲಸ. ವಿಮಾನದ ಚಿತ್ರ ತೆಗೆಯುವ ಹವ್ಯಾಸ ಇದಕ್ಕೆಲ್ಲ ಸಂಬಂಧವಿಲ್ಲದ್ದು ಎಂದು ಗೆಳೆಯರು ಹಂಗಿಸುತ್ತಿದ್ದರು. ಸಂಬಂಧವಿದೆ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ. ತಾನು ಮಾಡಿದ ಕೆಲಸವನ್ನು ನಾಲ್ಕು ಜನರ ಮುಂದೆ ಇಟ್ಟು, ಅವರು ಹೇಳಿದ್ದನ್ನು ಕೇಳಿ, ತಿದ್ದಿಕೊಂಡು ಮತ್ತೆ ಮಾಡುವುದನ್ನು ಎಲ್ಲಿ ಕಲಿತರೂ ಅದು ನಾಗರಿಕತೆಯ ಪಾಠವೇ.

ಬೈರಸಂದ್ರದ ಆ ಮನೆ ಒಂದು ಕಾಲಕ್ಕೆ ಹಳ್ಳಿಯ ಮನೆಯಾಗಿದ್ದು, ಸುತ್ತಲಿನ ಹೊಲಗಳು ಜಯನಗರದ ಬ್ಲಾಕುಗಳಾದ ಮೇಲೆ ಬಾಡಿಗೆದಾರರಿಂದ ತುಂಬಿದ ಕಟ್ಟಡವಾಗಿ ಎದ್ದು ನಿಂತಿತ್ತು. ಅದರ ಯಜಮಾನರನ್ನು ಬಾಡಿಗೆದಾರರಂತೆ ನಾವೂ 'ಓನರು' ಎನ್ನುತ್ತಿದ್ದೆವು. ವಿಮಾನದ ಹುಚ್ಚು ಅವರಿಗೆ ಮನೆತನದ ಆಸ್ತಿಯಾಗಿ ಬಂದದ್ದು. "ನಮ್ಮಜ್ಜ ರಾಗಿ ಹೊಲ ಕಾಯೋವಾಗ ಮೊದಲ್ನೇ ಸಲ ಪ್ಲೇನ್ ಬಂತಂತೆ. ದೊಡ್ಡ ಹಕ್ಕಿ ಅಂತ ಕವಣೆ ಬೀಸವ್ನೆ," ಎಂದು ಅವರು ಹೊಸಬರಿಗೆಲ್ಲ ಹೇಳುತ್ತಿದ್ದರು. "ತಗುಲ್ಲಿಲ್ಲ. ಅದ್ಕೇ ನಾನು ಕ್ಯಾಮೆರಾ ಹಿಡಿದಿರೋದು."

ಅವರ ತಾರಸಿಯೇ ಏಕೆ ಎಂಬುದಕ್ಕೆ ಕಾರಣ ಗಾಳಿ. ವಿಮಾನ ಗಾಳಿಗೆ ಮುಖಮಾಡಿ ಇಳಿಯಬೇಕು. ಚಳಿಗಾಲದಲ್ಲಿ ಮೂಡಲ ಗಾಳಿ ಬೀಸುವಾಗ ವಿಮಾನಗಳು ಪಡುವಲಿನಿಂದ ಬಂದು, ಲಾಲ್‌ಬಾಗಿನ ನೆತ್ತಿಯ ಮೇಲೆ ಹಾದು, ಊರಿನ ಪೂರ್ವಕ್ಕಿದ್ದ ಹಳೆಯ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ನಾವು ಬೈರಸಂದ್ರದಲ್ಲಿ ಉತ್ತರಕ್ಕೆ ಮುಖಮಾಡಿ ನಿಂತರೆ ಎಳೆಬಿಸಿಲು ಬೆನ್ನ ಹಿಂದಿನಿಂದ ಬಂದು ವಿಮಾನದ ಮೈಮೇಲೆ ಬೀಳುತ್ತಿತ್ತು. ನಿಲ್ದಾಣದ ಹತ್ತಿರ ಕ್ಯಾಮೆರಾ ಎತ್ತುವಂತಿರಲಿಲ್ಲವಾದ್ದರಿಂದ ನಮಗೆ ಸಿಕ್ಕುತ್ತಿದ್ದುದು ಈ ಆಕಾಶದ ತುಂಡು ಮಾತ್ರ. ಮಳೆಗಾಲದಲ್ಲಿ ಗಾಳಿ ತಿರುಗಿತೆಂದರೆ ಇಳಿಯುವ ವಿಮಾನಗಳು ಆಚೆ ಕಡೆಯಿಂದ ಬರುತ್ತಿದ್ದವು. ನಮ್ಮ ಬಳಗಕ್ಕೆ ರಜೆ. ಓನರು ಬೆಳಿಗ್ಗೆ ತಾರಸಿಯಲ್ಲಿ ಒಣಹಾಕಿದ ತಮ್ಮ ಪಂಚೆಯನ್ನು ನೋಡಿ ಎಲ್ಲರಿಗೂ ಫೋನು ಮಾಡುತ್ತಿದ್ದರು: "ಪಂಚೆ ಪಡುವಕ್ಕೆ ಹಾರ್ತೈತೆ. ಬನ್ನಿ."

ಮೇಡಂ ಹೇಳಿದ ಶಿಕ್ಷೆ ಹೀಗಿತ್ತು. ತಾರಸಿಯ ಪಕ್ಕದ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಕಾಫಿಯ ದೊಡ್ಡ ಫ್ಲಾಸ್ಕು. ಚಿತ್ರ ತಂದವನು ಪ್ರಿಂಟನ್ನು ಮೇಜಿನ ಮೇಲಿಟ್ಟ ಕ್ಷಣದಿಂದ ಬಾಯಿ ತೆರೆಯುವಂತಿಲ್ಲ. ಉಳಿದವರು ಸರದಿಯ ಮೇಲೆ ತಮಗೆ ಕಂಡದ್ದನ್ನು ಹೇಳುತ್ತಾರೆ. ಎಲ್ಲರದೂ ಮುಗಿದ ಮೇಲೆ ಅವನು ಒಂದೇ ಒಂದು ವಾಕ್ಯ ಹೇಳಬಹುದು. ಅದು 'ಮುಂದಿನ ಸಲ' ಎಂದೇ ಆರಂಭವಾಗಬೇಕು. ಚಿತ್ರ ಒಪ್ಪಿಗೆಯಾದರೆ ಮೇಡಂ ಅದನ್ನು ಎತ್ತಿ ಫ್ಲಾಸ್ಕಿಗೆ ಒರಗಿಸುತ್ತಿದ್ದರು. ಹಾಗೆ ಒರಗಿದ ಚಿತ್ರಗಳು ವರ್ಷಕ್ಕೊಮ್ಮೆ ಬಡಾವಣೆಯ ಗ್ರಂಥಾಲಯದ ಮೇಲಿನ ಹಾಲಿನಲ್ಲಿ ನಾವು ನಡೆಸುತ್ತಿದ್ದ ಪ್ರದರ್ಶನದ ಗೋಡೆಗೆ ಹೋಗುತ್ತಿದ್ದವು. ಒರಗದವು ಚೀಲಕ್ಕೆ ವಾಪಸು.

ಮೊದಮೊದಲು ನನಗೆ ಆ ಮೌನ ಉಸಿರು ಕಟ್ಟಿಸುತ್ತಿತ್ತು. ಆದರೆ ಮೌನದಲ್ಲಿ ಕೇಳಿದ್ದು ಮರೆಯುವುದಿಲ್ಲ ಎಂಬುದೂ ಬೇಗ ಅರ್ಥವಾಯಿತು. ಉತ್ತರ ಹುಡುಕುವ ಕೆಲಸವಿಲ್ಲದಿದ್ದಾಗ ಮನಸ್ಸಿಗೆ ನೋಡುವುದಕ್ಕೆ ಬಿಡುವು ಸಿಕ್ಕುತ್ತದೆ. ಕ್ಲಿಕ್ ಮಾಡಿದ ಮೇಲೂ ವಿಮಾನದ ಜೊತೆ ಕ್ಯಾಮೆರಾ ತಿರುಗಿಸುತ್ತಲೇ ಇರಬೇಕು ಎಂಬುದನ್ನು ನಾನು ಕಲಿತೆ. ಸ್ಕೂಟರಿನಲ್ಲಿ ಹೋಗುವವರನ್ನು ಬಸ್‌ಸ್ಟಾಪಿನಲ್ಲಿ ನಿಂತು ಬರಿಗಣ್ಣಿನಿಂದ ಹಿಂಬಾಲಿಸಿ ಅಭ್ಯಾಸ ಮಾಡಿದೆ. ವಿಮಾನದ ಮೂತಿಯ ಮುಂದೆ ಜಾಗ ಬಿಡಬೇಕು, ಇಲ್ಲದಿದ್ದರೆ ಅದು ಚಿತ್ರದ ಅಂಚಿಗೆ ಢಿಕ್ಕಿ ಹೊಡೆಯುವಂತೆ ಕಾಣುತ್ತದೆ; ಬಿಸಿಲೇರಿದ ಮೇಲೆ ತಾರಸಿಗಳ ಕಾವಿಗೆ ಗಾಳಿಯೇ ಕುದಿಯುತ್ತದೆ, ಆಗ ಎಂಥ ಲೆನ್ಸಿದ್ದರೂ ಗೆರೆಗಳು ನೀರಿನಲ್ಲಿ ಅಲುಗಿದಂತೆ ಬರುತ್ತವೆ. ಇವೆಲ್ಲವೂ ಒಬ್ಬೊಬ್ಬರು ಕಾಫಿ ಕುಡಿಯುತ್ತ ಹೇಳಿದ ಮಾತುಗಳು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ನನ್ನ ಚಿತ್ರಗಳೂ ಫ್ಲಾಸ್ಕಿಗೆ ಒರಗತೊಡಗಿದವು.

ಆ ಹೊತ್ತಿಗೆ ಬಿಟಿಎಂ ಲೇಔಟಿನಿಂದ ಒಬ್ಬ ತರುಣ ಸೇರಿಕೊಂಡ. ಹುಬ್ಬಳ್ಳಿಯ ಕಡೆಯವನು, ರಾತ್ರಿ ಪಾಳಿಯ ಕಚೇರಿಯಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ಕಚೇರಿಯ ವ್ಯಾನಿನಿಂದ ನೇರವಾಗಿ ಇಳಿದು ಬರುತ್ತಿದ್ದ. ಕಣ್ಣು ಕೆಂಪಗೆ, ನಾಲಗೆ ಮಾತ್ರ ಚುರುಕು. ಅವನು ಬಂದ ಮೊದಲ ದಿನವೇ ನನ್ನ ಚಿತ್ರ ಮೇಜಿನ ಮೇಲಿತ್ತು. ಅದನ್ನು ಹಿಡಿದು, ತಿರುಗಿಸಿ, "ಏನ್ರಿ ಸರ, ಇಷ್ಟ ನೀಲಿ ಮುಗಿಲು ಯಾಕ್ರಿ? ಇದು ಬೆಂಗಳೂರ ಐತೋ ದುಬೈ ಐತೋ ಯಾರ್ ಹೇಳಬೇಕು?" ಎಂದ.

ಅವನು ತಮಾಷೆಗೆ ಅಂದದ್ದು. ಆದರೆ ನನ್ನೊಳಗೆ ಎಷ್ಟೋ ದಿನದಿಂದ ರೂಪವಿಲ್ಲದೆ ಓಡಾಡುತ್ತಿದ್ದ ಒಂದು ಮಾತಿಗೆ ಆ ದಿನ ರೂಪ ಬಂತು. ನಮ್ಮ ಬಳಗದ ಆದರ್ಶ ಚಿತ್ರವೆಂದರೆ ಶುಭ್ರ ನೀಲಿ ಆಕಾಶ, ಚೌಕಟ್ಟು ತುಂಬಿದ ವಿಮಾನ, ಬೇರೇನೂ ಇಲ್ಲ. ಮರದ ಕೊಂಬೆ, ನೀರಿನ ಟ್ಯಾಂಕು, ಕೇಬಲ್ ತಂತಿ ಬಂದರೆ ಅದನ್ನು ಮೇಡಂ 'ಗಲೀಜು' ಎನ್ನುತ್ತಿದ್ದರು. ನನಗೆ ಬೇಕೆನಿಸಿದ್ದು ಆ ಗಲೀಜೇ. ದಿನವೂ ನಮ್ಮ ತಲೆಯ ಮೇಲೆ ಹಾದುಹೋಗುವ ವಿಮಾನ ನಮ್ಮ ಮನೆಗಳ ಸಮೇತ ಒಂದೇ ಚಿತ್ರದಲ್ಲಿ ಬರಬೇಕು. ಗ್ರಂಥಾಲಯಕ್ಕೆ ಪತ್ರಿಕೆ ಓದಲು ಬಂದ ಬೈರಸಂದ್ರದ ಮನುಷ್ಯ ಅದನ್ನು ನೋಡಿ ಇದು ನಮ್ಮದು ಎನ್ನಬೇಕು. ಅಂಥ ಒಂದು ಚಿತ್ರವನ್ನು ತೆಗೆದು ಫ್ಲಾಸ್ಕಿಗೆ ಒರಗಿಸಿಯೇ ತೀರುತ್ತೇನೆ ಎಂದು ನಾನು ಬಳಗದ ಮುಂದೆ ಘೋಷಿಸಿದೆ.

ತೆಗೆದೆ. ಒರಗಲಿಲ್ಲ. ವಿಮಾನ ಸ್ಪಷ್ಟವಾದರೆ ಮನೆಗಳು ಮಸುಕು, ಮನೆಗಳು ಸ್ಪಷ್ಟವಾದರೆ ವಿಮಾನ ಮಸುಕು. ಮೌನವಾಗಿ ಕುಳಿತು ಇದನ್ನೇ ವಾರವಾರವೂ ಕೇಳಿದ ಮೇಲೆ ನಿಯಮವೇ ತಪ್ಪಿರಬೇಕು ಎಂದು ನನಗೆ ತೋರಿತು. ಆರೋಪಕ್ಕೆ ಉತ್ತರ ಕೊಡುವ ಹಕ್ಕಿಲ್ಲದ ನ್ಯಾಯಾಲಯ ಯಾವುದಿದೆ? ಚಿತ್ರ ತಂದವನಿಗೂ ಎರಡು ನಿಮಿಷ ಮಾತನಾಡುವ ಅವಕಾಶವಿರಲಿ ಎಂದು ತಿದ್ದುಪಡಿ ತಂದೆ.

"ಆಗ್ಲಿ, ಮಾಡಿ ನೋಡೋಣ," ಎಂದರು ಮೇಡಂ. "ಪ್ರಯೋಗಕ್ಕೆ ನಾನು ಬೇಡ ಅನ್ನಲ್ಲ."

ಮುಂದಿನ ಭಾನುವಾರ ನನ್ನ ಚಿತ್ರದಲ್ಲಿ ಟ್ಯಾಂಕು, ತಂತಿ, ಬಟ್ಟೆ ಎಲ್ಲ ಇದ್ದವು. ವಿಮಾನ ಮಾತ್ರ ಒಂದು ಕಪ್ಪು ಮಸಿಯಂತೆ ಬಂದಿತ್ತು. ಎಲ್ಲರೂ ಅದನ್ನೇ ಹೇಳಿದರು. ನನ್ನ ಸರದಿ ಬಂದಾಗ ಎದ್ದು ನಿಂತೆ. ಓಡುವುದನ್ನು ಓಡುವಂತೆಯೇ ತೋರಿಸುವುದು ಸತ್ಯ, ನಿಲ್ಲಿಸಿ ತೋರಿಸುವುದು ಸುಳ್ಳು. ಈ ಮಸುಕು ದೋಷವಲ್ಲ, ವೇಗದ ಸಾಕ್ಷ್ಯ ಎಂದು ಆರಂಭಿಸಿ, ನಗರದ ಸ್ಥಿರತೆ ಮತ್ತು ಯಂತ್ರದ ಚಲನೆಯ ವೈರುಧ್ಯದವರೆಗೆ ಹೋಗಿ ಮುಗಿಸಿದೆ. ಓನರು ಚಪ್ಪಾಳೆ ತಟ್ಟಿದರು. ತರುಣ, "ಮಾತಿಗೆ ಮಾತ್ರ ಹತ್ತಕ್ಕ ಹತ್ತ ನೋಡ್ರಿ," ಎಂದ. ಮೇಡಂ ಬಹಳ ಹೊತ್ತು ನನ್ನನ್ನೂ ಚಿತ್ರವನ್ನೂ ನೋಡಿ, ಅದನ್ನು ಎತ್ತಿ ಫ್ಲಾಸ್ಕಿಗೆ ಒರಗಿಸಿದರು.

ಪ್ರದರ್ಶನದ ದಿನ ಓನರ ಅತ್ತಿಗೆ ಬಂದರು. ಅವರ ಮನೆ ಓನರ ಕಟ್ಟಡದ ಉತ್ತರಕ್ಕೆ, ಕೂಗಳತೆಯ ದೂರದಲ್ಲಿ, ಅಷ್ಟೇ ಎತ್ತರಕ್ಕೆ ಎದ್ದಿತ್ತು. ಮಾರುಕಟ್ಟೆಯಿಂದ ತರಕಾರಿ ಚೀಲದ ಸಮೇತ ನೇರವಾಗಿ ಬಂದಿದ್ದ ಅವರು ಗೋಡೆಯುದ್ದಕ್ಕೂ ನಡೆದು, ನನ್ನ ಚಿತ್ರದ ಮುಂದೆ ನಿಂತು, ಹತ್ತಿರಕ್ಕೆ ಬಗ್ಗಿ ನೋಡಿದರು.

"ಮೇಷ್ಟ್ರೇ, ಇದು ಪ್ಲೇನಾ, ಕಾಗೇನಾ?"

ನಾನು ವೇಗದ ಸತ್ಯವನ್ನು ವಿವರಿಸಿದೆ. ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಸಾವಧಾನವಾಗಿ ಕೇಳಿದರು.

"ಸರಿ ಬಿಡಿ. ಆದ್ರೆ ನೋಡೋರ್ಗೆಲ್ಲ ಇಷ್ಟು ಹೇಳ್ಬೇಕು ಅಂದ್ರೆ ನೀವು ದಿನಾ ಇಲ್ಲೇ ನಿಂತ್ಕಬೇಕಾಯ್ತದಲ್ಲ. ಕಾಲೇಜಿಗೆ ರಜಾ ಹಾಕ್ತೀರಾ?"

ಚರ್ಚಾವೇದಿಕೆಯ ಮೇಲೆ ನನ್ನನ್ನು ಯಾರೂ ಇಷ್ಟು ಚುಟುಕಾಗಿ ಸೋಲಿಸಿರಲಿಲ್ಲ. ಚಿತ್ರದ ಪಕ್ಕದಲ್ಲಿ ಅದರ ವಕೀಲ ನಿಂತಿರಲಾರ; ಗೋಡೆಯ ಮೇಲೆ ಅದು ಒಂಟಿ. ಮೌನದ ನಿಯಮ ನನ್ನ ಬಾಯಿ ಕಟ್ಟಿಸುವುದಕ್ಕಲ್ಲ, ಚಿತ್ರಕ್ಕೆ ಒಂಟಿಯಾಗಿ ನಿಲ್ಲುವ ಅಭ್ಯಾಸ ಮಾಡಿಸುವುದಕ್ಕೆ ಇದ್ದದ್ದು. ಮುಂದಿನ ಭಾನುವಾರ ನನ್ನ ತಿದ್ದುಪಡಿಯನ್ನು ರದ್ದುಗೊಳಿಸುವ ಸೂಚನೆಯನ್ನು ನಾನೇ ಮಂಡಿಸಿದೆ.

"ಸರ, ಇದರ ಮ್ಯಾಲೂ ಎರಡ ನಿಮಿಷ ಮಾತಾಡ್ತೀರೇನ್ರಿ?" ಎಂದ ತರುಣ. ಸೂಚನೆ ಸರ್ವಾನುಮತದಿಂದ ಅಂಗೀಕಾರವಾಯಿತು.

ಆದರೆ ನನ್ನ ಮೂಲ ಪಕ್ಷವನ್ನು ನಾನು ಬಿಟ್ಟುಕೊಡಲಿಲ್ಲ. ವಾದದಿಂದ ಗೆಲ್ಲಲಾಗದ್ದನ್ನು ಚಿತ್ರದಿಂದಲೇ ಗೆಲ್ಲಬೇಕಿತ್ತು, ಅಷ್ಟೆ. ವರ್ಷಗಳು ಉರುಳಿದವು, ರೀಲು ಹೋಗಿ ಡಿಜಿಟಲ್ ಬಂತು. ಪರದೆಯ ಮೇಲೆ ತೋರಿಸಿದ್ದು ಲೆಕ್ಕಕ್ಕಿಲ್ಲ, ಕಾಗದದ ಮೇಲೆ ಬರಬೇಕು ಎಂಬ ಮೇಡಂ ಹಟದಿಂದ ಮೇಜು, ಫ್ಲಾಸ್ಕು ಹಾಗೆಯೇ ಉಳಿದವು. ನಾನು ಎಂದಾದರೂ ಆ ಚಿತ್ರ ತೆಗೆಯುತ್ತೇನೆ ಎಂಬ ಧೈರ್ಯದಲ್ಲಿದ್ದೆ. ಅಷ್ಟರಲ್ಲಿ, ಊರಿನ ಉತ್ತರಕ್ಕೆ ಬಹು ದೂರದಲ್ಲಿ ಕಟ್ಟುತ್ತಿದ್ದ ಹೊಸ ವಿಮಾನ ನಿಲ್ದಾಣ ಆ ಬೇಸಿಗೆಯಲ್ಲಿ ತೆರೆಯುತ್ತದೆ, ಹಳೆಯದಕ್ಕೆ ಪ್ರಯಾಣಿಕರ ವಿಮಾನಗಳು ಬರುವುದು ನಿಲ್ಲುತ್ತದೆ ಎಂಬ ಸುದ್ದಿ ಖಚಿತವಾಯಿತು. ನಮ್ಮ ಮನೆಗಳ ಮೇಲೆ ಅವು ಹಾರುವ ಕೊನೆಯ ಮೂಡಲ ಗಾಳಿ ಇದು. ಈ ಸಲ ತಪ್ಪಿದರೆ ಆ ಚಿತ್ರ ಎಂದಿಗೂ ಇಲ್ಲ.

ಮೊದಲ ತೊಡಕನ್ನು ಬಿಡಿಸಿದವನು ತರುಣ. ನಾನು ತೋಳುದ್ದದ ಒಂದು ಲೆನ್ಸನ್ನು ಬಹಳ ಅಭಿಮಾನದಿಂದ ಕೊಂಡಿದ್ದೆ. ಅದಿಲ್ಲದೆ ತಾರಸಿ ಹತ್ತುತ್ತಿರಲಿಲ್ಲ. "ಸರ, ಆ ಒನಕಿ ಒಂದ್ ವಾರ ಮನ್ಯಾಗ ಬಿಟ್ಟ ಬರ್ರಿ," ಎಂದ. ಮೇಡಂ ಅದಕ್ಕೆ ಕಾರಣ ಕೂಡಿಸಿದರು: ದೂರವನ್ನು ಹತ್ತಿರಕ್ಕೆಳೆಯುವ ಲೆನ್ಸು ಒಂದೇ ಆಳವನ್ನು ಹಿಡಿಯುತ್ತದೆ, ಚಿಕ್ಕ ಲೆನ್ಸು ಹಾಕಿ, ಬೆಳಕು ಒಳಗೆ ಬರುವ ಅದರ ಕಿಂಡಿಯನ್ನು ಕಿರಿದು ಮಾಡಿ, ತಾರಸಿಯ ತೀರ ಹಿಂದಿನ ಮೂಲೆಗೆ ಹೋಗಿ ನಿಂತರೆ ಎದುರಿನ ಮನೆಯೂ ವಿಮಾನವೂ ಒಟ್ಟಿಗೆ ಸ್ಪಷ್ಟವಾದೀತು. "ಆದ್ರೆ ಪ್ಲೇನ್ ಸಣ್ಣದಾಗತ್ತೆ. ನಂಗೆ ಅದು ಇಷ್ಟ ಇಲ್ಲ. ಇಷ್ಟ ಇಲ್ಲದ್ದನ್ನ ಹೇಗೆ ಮಾಡ್ಬೇಕು ಅಂತ ಹೇಳಿಕೊಡ್ತಿದ್ದೀನಿ, ನೋಡಿ," ಎಂದರು.

ಎದುರಿನ ಮನೆ ಎಂದರೆ ಓನರ ಅತ್ತಿಗೆಯ ಮನೆ. ಬೇಸಿಗೆಯ ಬಿಸಿಲು ಬಲಿಯುತ್ತಿದ್ದಂತೆ ಅವರು ತಾರಸಿಯಲ್ಲಿ ಸಂಡಿಗೆ ಇಡಲು ಶುರುಮಾಡುತ್ತಿದ್ದರು. ಬೆಳಗಿನ ಎಳೆಬಿಸಿಲಿನಲ್ಲಿ ಬಿಳಿಯ ಬಟ್ಟೆ ಹಾಸಿ, ಬಗ್ಗಿ, ಸಾಲಾಗಿ ಹಿಟ್ಟು ಬಿಡುತ್ತಿರುವ ಹೆಂಗಸು, ಮೇಲೆ ವಿಮಾನ, ಅವರು ತಲೆಯೆತ್ತಿಯೂ ನೋಡುವುದಿಲ್ಲ. ನಾನು ಹುಡುಕುತ್ತಿದ್ದುದು ಅದನ್ನೇ ಎಂದು ಓನರ ತಾರಸಿಯಿಂದ ನೋಡಿದ ಕೂಡಲೇ ತಿಳಿಯಿತು. ತೊಡಕೆಂದರೆ, ಸಂಡಿಗೆಗೆ ಬಿಸಿಲು ಬಲಿಯುವ ಹೊತ್ತಿಗೆ ಸರಿಯಾಗಿ ಮೂಡಲ ಗಾಳಿ ಸೋಲತೊಡಗುತ್ತದೆ. ಎರಡೂ ಜೊತೆಗಿರುವುದು ಶಿವರಾತ್ರಿಯ ಆಚೀಚೆಯ ಕೆಲವೇ ವಾರ.

ಒಬ್ಬರ ಮನೆಯ ಮೇಲಿನ ಬದುಕನ್ನು ಅವರಿಗೆ ತಿಳಿಸದೆ ಚಿತ್ರ ತೆಗೆಯುವುದು ನನ್ನ ತತ್ವಕ್ಕೆ ಒಗ್ಗದು. ಹೋಗಿ ಅನುಮತಿ ಕೇಳಿದೆ. ಅವರು ಸಂತೋಷದಿಂದ ಒಪ್ಪಿದರು. ಆ ಭಾನುವಾರ ಬೆಳಿಗ್ಗೆ ಅವರ ತಾರಸಿಯನ್ನು ಕ್ಯಾಮೆರಾದಲ್ಲಿ ನೋಡಿದರೆ, ಅತ್ತಿಗೆ ಮಾವಿನಕಾಯಿ ಹಸಿರಿನ ರೇಷ್ಮೆ ಸೀರೆಯುಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದು, ಸಂಡಿಗೆಯ ಪಾತ್ರೆಯನ್ನು ಆರತಿ ತಟ್ಟೆಯಂತೆ ಹಿಡಿದು, ನನ್ನ ಕಡೆಗೇ ಮುಖಮಾಡಿ ನಿಂತಿದ್ದರು.

"ಅತ್ತಿಗೇ! ಸಂಡಿಗೆಗೆ ರೇಷ್ಮೆ ಸೀರೆ ಯಾಕೆ?" ಓನರು ಇಲ್ಲಿಂದಲೇ ಕೂಗಿದರು.

"ಗೋಡೆ ಮ್ಯಾಲೆ ಹಾಕೋ ಫೋಟೋಕ್ಕೆ ಹಳೇ ಸೀರೇಲಿ ನಿಂತ್ಕಂಡ್ರೆ ನಿಮ್ಮಣ್ಣನ ಮರ್ಯಾದೆ ಏನಾಗ್ಬೇಕು? ತೆಗೀರಿ ಮೇಷ್ಟ್ರೇ ಬೇಗ, ಸೀರೆಗೆ ಹಿಟ್ಟು ಬೀಳ್ತದೆ!"

ವಿಮಾನ ಬಂತು. ಚಿತ್ರ ಎಲ್ಲ ರೀತಿಯಲ್ಲೂ ಸ್ಪಷ್ಟವಾಗಿತ್ತು. ಮೇಜಿನ ಮೇಲೆ ಇಟ್ಟಾಗ ತರುಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. "ಸರ, ಇದು ಲಗ್ನದ ಫೋಟೋ ಆತ್ರಿ. ವಿಮಾನ ಬೀಗರು ಬಂದಂಗ ಬಂದೈತಿ."

ಮೇಡಂ ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಮೊದಲ್ನೇ ದಿನ ಹೇಳಿದ್ದನ್ನೇ ಮತ್ತೆ ಹೇಳ್ತೀನಿ. ಆಗ ಕ್ಲಿಕ್ ಮಾಡೋ ಹೊತ್ತಿಗೆ ನೀವು ನಿಂತ್ಬಿಡ್ತಿದ್ರಿ. ಈಗ ಅವರನ್ನ ನಿಲ್ಲಿಸ್ತಿದ್ದೀರಿ," ಎಂದರು.

ನನಗೆ ಕೊಟ್ಟ ಒಂದು ವಾಕ್ಯವನ್ನು ಬಳಸಿದೆ: "ಮುಂದಿನ ಸಲ ಅವರು ನನ್ನನ್ನ ಮರೆಯೋವರೆಗೂ ಕಾಯ್ತೀನಿ."

ಅಂದಿನಿಂದ ಭಾನುವಾರಕ್ಕೆ ಕಾಯದೆ, ಕಾಲೇಜಿಗೆ ಹೋಗುವ ಮುನ್ನ ದಿನವೂ ಬೈರಸಂದ್ರಕ್ಕೆ ಹೋಗತೊಡಗಿದೆ. ಓನರು ಬಾಗಿಲು ತೆರೆದು, "ಇವತ್ತು ಪಂಚೆ ಸರಿಯಾಗಿ ಹಾರ್ತಿಲ್ಲ," ಎಂದರೂ ಹತ್ತುತ್ತಿದ್ದೆ. ಕೆಲವು ದಿನ ಪಂಚೆ ಹಗ್ಗಕ್ಕೆ ಜೋತುಬಿದ್ದಿರುತ್ತಿತ್ತು. ವಿಮಾನಗಳು ಆಚೆ ಕಡೆಯಿಂದ ಇಳಿದುಹೋಗುವ ಸದ್ದು ಮಾತ್ರ ಕೇಳುತ್ತಿತ್ತು. ಅತ್ತಿಗೆ ಮೊದಲ ದಿನಗಳಲ್ಲಿ ಕೈ ಬೀಸಿದರು. ಮುಡಿಯ ಮಲ್ಲಿಗೆ ಹೋಯಿತು. ಆಮೇಲೆ ರೇಷ್ಮೆ ಹೋಗಿ ಒಳ್ಳೆಯ ನೂಲಿನ ಸೀರೆ ಬಂತು. ಶಿವರಾತ್ರಿ ಕಳೆದ ಮೇಲಂತೂ ಅವರಿಗೆ ನಾನು ನಮ್ಮ ತಾರಸಿಯ ನೀರಿನ ಟ್ಯಾಂಕಿಗಿಂತ ಹೆಚ್ಚಿನವನಾಗಿ ಉಳಿಯಲಿಲ್ಲ. ಒಂದು ದಿನ ಅವರು ಆ ಕಡೆಯಿಂದ, "ಏನ್ ಮೇಷ್ಟ್ರೇ, ಬೇರೆ ಕೆಲ್ಸ ಇಲ್ವಾ?" ಎಂದು ಕೇಳಿದಾಗ ನನಗೆ ಬಹಳ ಸಮಾಧಾನವಾಯಿತು.

ಪಂಚೆ ಮತ್ತೆ ಪಡುವಲಿಗೆ ಹಾರುತ್ತಿದ್ದ ಒಂದು ಬೆಳಿಗ್ಗೆ. ಅತ್ತಿಗೆ ಮಾಸಿದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸಂಡಿಗೆ ಇಡುತ್ತಿದ್ದರು. ಎಡಗಡೆಯಿಂದ ವಿಮಾನ ಬಂತು. ನಾನು ಅದನ್ನು ಹಿಡಿದು ಅದರ ಜೊತೆಗೇ ತಿರುಗತೊಡಗಿದೆ. ಅದು ಅವರ ಟ್ಯಾಂಕಿನ ಮೇಲಕ್ಕೆ ಬರುವಷ್ಟರಲ್ಲಿ ಪಾರಾಪೆಟ್ಟಿನ ಮೇಲೆ ಕಾಗೆಯೊಂದು ಬಂದು ಕೂತಿತು. ಅತ್ತಿಗೆ ನೆಟ್ಟಗೆ ಎದ್ದು ಸೌಟನ್ನು ಎತ್ತಿದರು. ಕಾಗೆ ರೆಕ್ಕೆ ಬಿಚ್ಚಿತು. ಕ್ಲಿಕ್ ಮಾಡಿದೆ, ನಿಲ್ಲಲಿಲ್ಲ. ವಿಮಾನ ಮನೆಗಳ ಹಿಂದೆ ಮರೆಯಾಗುವವರೆಗೂ ಕ್ಯಾಮೆರಾ ತಿರುಗುತ್ತಲೇ ಇತ್ತು.

ಭಾನುವಾರ ಪ್ರಿಂಟನ್ನು ಮೇಜಿನ ಮೇಲಿಟ್ಟು ಕುಳಿತೆ. ಮೊದಲು ತರುಣ ಬಗ್ಗಿದ. "ವಿಮಾನ ಸಣ್ಣದೈತ್ರಿ," ಎಂದ; ಸ್ವಲ್ಪ ತಡೆದು, "ಆದ್ರ ಕಿಡಕಿ ಕಾಣಾಕತ್ತಾವು. ಸೌಟಿನ್ಯಾಗಿಂದ ಹಿಟ್ಟ ಬೀಳೂದೂ ಕಾಣಾಕತ್ತೈತಿ. ಇದು ದುಬೈ ಅಲ್ಲ ಬಿಡ್ರಿ." ಓನರು ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಟ್ಯಾಂಕ್ ನಿಂತದಲ್ಲ, ಅಲ್ಲೇ ನಮ್ಮಜ್ಜ ಕವಣೆ ಬೀಸಿದ್ದು. ಈ ವಂಶದಾಗೆ ಯಾರೂ ಗುರಿ ಹೊಡೆಯಾಕಿಲ್ಲ, ಪ್ಲೇನಿಗೂ ಇಲ್ಲ ಕಾಗೆಗೂ ಇಲ್ಲ," ಎಂದರು.

ಮೇಡಂ ಕೊನೆಯವರು. "ಮೂತಿ ಮುಂದೆ ಜಾಗ ಸಾಲ್ದು. ಟ್ಯಾಂಕಿನ ಪೈಪು ನಂಗೆ ಈಗ್ಲೂ ಗಲೀಜೇ." ಅಷ್ಟು ಹೇಳಿ ಚಿತ್ರವನ್ನು ಮೇಜಿನ ಮೇಲೆಯೇ ಬಿಟ್ಟರು. ಫ್ಲಾಸ್ಕು ಅವರ ಮೊಣಕೈಯ ಬಳಿಯಲ್ಲೇ ಇತ್ತು. ನನ್ನ ಬಾಯಿಯೊಳಗೆ ಪೈಪಿನ ಪರವಾಗಿ ಒಂದು ಪೂರ್ಣ ಭಾಷಣ ಸಿದ್ಧವಿತ್ತು. ನಾನು ಕಾಫಿ ಕುಡಿದೆ.

ಆಗ ಅತ್ತಿಗೆ ಕರಿದ ಸಂಡಿಗೆಯ ತಟ್ಟೆ ಹಿಡಿದು ಬಂದರು. ಚಿತ್ರ ಅವರ ಕಣ್ಣಿಗೆ ಬಿತ್ತು.

"ಅಯ್ಯೋ, ಈ ಸೀರೆನಾ! ಅಷ್ಟು ದಿನ ಚೆನ್ನಾಗಿ ಉಟ್ಕಂಡಿದ್ದಾಗ ಏನ್ ಮಾಡ್ತಿದ್ರಿ ಮೇಷ್ಟ್ರೇ?" ತಟ್ಟೆಯನ್ನು ತರುಣನ ಕೈಗೆ ಕೊಟ್ಟು ಹತ್ತಿರ ಬಂದರು. ಆಮೇಲೆ ಬೆರಳಿಟ್ಟು, ನಮಗೆ ಪಾಠ ಹೇಳುವವರಂತೆ ಒಂದೊಂದಾಗಿ ತೋರಿಸಿದರು. "ಇದು ಕಾಗೆ. ಅದು ಪ್ಲೇನು. ಇದು ನಾನು."

"ಯಾರೂ ಹೇಳಿಕೊಡ್ಲಿಲ್ಲ, ಅಲ್ವಾ?" ಎಂದು ಮೇಡಂ ಕೇಳಿದರು.

"ನಮ್ಮನೆ ಕಣ್ರೀ ಇದು. ಹೇಳಿಕೊಡೋದೇನೈತೆ?"

ಮೇಡಂ ಚಿತ್ರವನ್ನು ಎತ್ತಿ ಫ್ಲಾಸ್ಕಿಗೆ ಒರಗಿಸಿದರು. ಮುಂದೆ ಅದು ಗ್ರಂಥಾಲಯದ ಗೋಡೆಗೆ ಹೋಯಿತು. ಪ್ರದರ್ಶನ ನಡೆದಷ್ಟು ಹೊತ್ತೂ ನಾನು ಅದರ ಪಕ್ಕದಲ್ಲಿ ನಿಲ್ಲಲಿಲ್ಲ. ಕೆಳಗಿನ ವಾಚನಾಲಯದಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ಮೇಲಿನಿಂದ ನಗೆ, ಗದ್ದಲ, 'ಇದು ನಮ್ಮ ಬೀದಿ ಅಲ್ವೇನೇ' ಎಂಬ ಮಾತು ಮೆಟ್ಟಿಲಿಳಿದು ಬರುತ್ತಿದ್ದವು.

ಆದರೆ ಆ ಭಾನುವಾರ ಇನ್ನೂ ನನ್ನ ವಾಕ್ಯ ಬಾಕಿಯಿತ್ತು. ಎಲ್ಲರೂ ನನ್ನ ಕಡೆ ನೋಡಿದರು. 'ಮುಂದಿನ ಸಲ' ಎಂದೇ ಆರಂಭಿಸಬೇಕು. ಇನ್ನು ಸ್ವಲ್ಪ ದಿನಕ್ಕೆ ಈ ಆಕಾಶದಲ್ಲಿ ಅವು ಹಾರುವುದಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಮುಂದಿನ ಸಲ ಮೂತಿ ಮುಂದೆ ಜಾಗ ಬಿಡ್ತೀನಿ," ಎಂದೆ.

ಯಾರೂ ತಿದ್ದಲಿಲ್ಲ. ಓನರು ಎದ್ದು ಬಾಗಿಲಿನಿಂದ ತಾರಸಿಯ ಕಡೆ ಇಣುಕಿದರು.

"ಪಂಚೆ ಇನ್ನೂ ಪಡುವಕ್ಕೇ ಹಾರ್ತೈತೆ. ಬನ್ನಿ ಮೇಷ್ಟ್ರೇ, ಕಾಫಿ ಆಮೇಲೆ ಕುಡಿದ್ರಾಯ್ತು."

ನಾನು ಚಿಕ್ಕ ಲೆನ್ಸನ್ನೇ ತೆಗೆದುಕೊಂಡು ಹೊರಟೆ. ಹಿಂದಿನಿಂದ ಅತ್ತಿಗೆಯ ಧ್ವನಿ ಬಂತು: "ಒಂದ್ ನಿಮಿಷ ತಡೀರಿ, ನಾನು ಹೋಗಿ ಸೀರೆ ಬದಲಾಯಿಸ್ಕಂಡ್ ಬರ್ತೀನಿ."